ಹನ್ನೆರಡು ಮನೆಯಲ್ಲಿ ಮೊಳೆಯದ ಗುಳ್ಳ

2023ರ ಡಿಸೆಂಬರಿನಲ್ಲಿ ಬೀಜ ಹಂಚಿಕೊಳ್ಳುವ ನಮ್ಮ ಗುಂಪಿನ ಹದಿನಾಲ್ಕು ಮನೆಗೆ ಗುಳ್ಳದ, ಅಂದರೆ ಉಡುಪಿ ಕಡೆಯ ದುಂಡು ಬದನೆಯ, ಬೀಜ ಹೋಯಿತು. ಹನ್ನೆರಡು ಮನೆಯಲ್ಲಿ ಒಂದೂ ಮೊಳೆಯಲಿಲ್ಲ. ಬೀಜ ಅಂದಮೇಲೆ ಒಮ್ಮೊಮ್ಮೆ ಕೈಕೊಡುತ್ತದೆ, ಅದೇನೂ ಸುದ್ದಿಯಲ್ಲ. ಆದರೆ ಎರಡು ತಿಂಗಳು ಈ ಹನ್ನೆರಡು ಮನೆಯವರಲ್ಲಿ ಒಬ್ಬರೂ "ನಂದು ಬರಲಿಲ್ಲ" ಅಂತ ಬಾಯಿ ಬಿಡಲಿಲ್ಲ ನೋಡಿ, ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಗುಂಪು ಅಂದರೆ ದೊಡ್ಡ ಸಂಘ ಏನಲ್ಲ. ಮುಂಬಯಿ ಸುತ್ತಮುತ್ತ ಡೊಂಬಿವಲಿ, ಠಾಣೆ, ಮುಲುಂಡ್, ನೇರುಳ್, ಕಾಂದಿವಲಿಯಲ್ಲಿ ಇರುವ ಕನ್ನಡದ ಮನೆಗಳು. ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯವರು. ಧಾರವಾಡದ ಅಕ್ಕ ಒಬ್ಬರಿದ್ದಾರೆ, ಅವರಿಗೆ ಗುಳ್ಳ ಅಂದರೆ ಅಷ್ಟಕ್ಕಷ್ಟೇ. ಯಾರಿಗೂ ತೋಟ ಇಲ್ಲ. ಕಿಟಕಿಯ ಗ್ರಿಲ್ ಇದೆ, ಅದರಲ್ಲಿ ಐದಾರು ಕುಂಡ ಇಡಬಹುದು, ಕೆಳಗಿನ ಮನೆಯವರು ನೀರು ಸೋರುತ್ತದೆ ಅಂತ ಬೈಯುವವರೆಗೆ. ಈ ಕೊಟ್ಟು ತೆಗೆದುಕೊಳ್ಳುವುದು ಶುರುವಾದದ್ದು ಬಸಳೆಯಿಂದ. ಬಸಳೆಗೆ ಬೀಜವೇ ಬೇಡ, ಒಂದು ಗೇಣು ದಂಟು ಸಾಕು. ಒಬ್ಬರು ಗಣೇಶನ ಹಬ್ಬಕ್ಕೆ ಹೋದಲ್ಲಿ ದಂಟು ಕೊಟ್ಟರು, ಅದು ಹಬ್ಬಿ ಇನ್ನೊಂದು ಮನೆಗೆ ಹೋಯಿತು. ಆಮೇಲೆ ಹರಿವೆ, ಅಲಸಂಡೆ, ಪಡುವಲ. ನಾನು ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ನಿಂತು ಕಾಂದಿವಲಿಯ ಅಕ್ಕನಿಗೆ ಹರಿವೆ ಬೀಜದ ಪೊಟ್ಟಣ ಕೊಟ್ಟದ್ದು ಎಷ್ಟು ಸಲವೋ. ಸಂಜೆ ಆರೂವರೆಗೆ ಆ ಸೇತುವೆ ಮೇಲೆ ನಿಲ್ಲುವುದು ಅಂದರೆ ಏನು ಅಂತ ಮುಂಬಯಿಯವರಿಗೆ ಹೇಳಬೇಕಿಲ್ಲ.

ಗುಳ್ಳ ತಂದದ್ದು ಮಾಮಿ. ಡೊಂಬಿವಲಿ ಪಶ್ಚಿಮದಲ್ಲಿರುವ ಇವರಿಗೆ ಎಪ್ಪತ್ತು ದಾಟಿದೆ, ನಮಗೆಲ್ಲ ಮಾಮಿ. ತವರು ಕಟಪಾಡಿ ಹತ್ತಿರ, ಅಂದರೆ ಮಟ್ಟು ಊರಿನ ಪಕ್ಕವೇ. ಮಟ್ಟುಗುಳ್ಳ ಗೊತ್ತಿಲ್ಲದವರಿಗೆ ಎರಡು ಮಾತು: ದುಂಡಗೆ, ತಿಳಿ ಹಸಿರು ಮೈಮೇಲೆ ಬಿಳಿ ಗೆರೆ, ಸಿಪ್ಪೆ ತೆಳು, ತೊಟ್ಟಿನಲ್ಲಿ ಮುಳ್ಳು. ವಾದಿರಾಜರು ಕೊಟ್ಟ ಬೀಜ ಅಂತ ಊರಿನ ನಂಬಿಕೆ, ಉಡುಪಿಯ ಪರ್ಯಾಯ ಉತ್ಸವಕ್ಕೆ ಇದರ ಅಡುಗೆ ಆಗಲೇಬೇಕು. 2011ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಬೋಳು ಹುಳಿಗೆ (ತೆಂಗಿನಕಾಯಿ ಅರೆದು ಹಾಕದ ಹುಳಿ) ಹಾಕಿದರೆ ಬೆಂದು ಮೆತ್ತಗೆ ಕರಗುತ್ತದೆ.

ಮಾಮಿ 2021ರ ಕೊನೆಗೆ ತವರಿನಿಂದ ಬೀಜ ತಂದು ಬೆಳೆಸಿದರು. ಮರು ಬೇಸಿಗೆಯಲ್ಲಿ ಎರಡು ಕಾಯಿ ಗಿಡದಲ್ಲೇ ಹಣ್ಣಾಗಿಸಿ, ಆ ವರ್ಷದ ಡಿಸೆಂಬರಿನಲ್ಲಿ ಆರು ಮನೆಗೆ ಬೀಜ ಕೊಟ್ಟರು. ಐದು ಮನೆಯಲ್ಲಿ ಗಿಡ ಬಂತು, ಕಾಯಿ ಬಿಟ್ಟಿತು. ಆ ಐದೂ ಮನೆಯವರು ಬಿಟ್ಟ ಕಾಯಿಯನ್ನೆಲ್ಲ ತಿಂದು ಮುಗಿಸಿದರು, ಒಂದನ್ನೂ ಬೀಜಕ್ಕೆ ಬಿಡಲಿಲ್ಲ. ನಾನೂ ಅದರಲ್ಲಿ ಒಬ್ಬಳು. ಮಾಮಿ ಇದ್ದಾರಲ್ಲ, ಅವರೇ ಕೊಡುತ್ತಾರೆ ಅನ್ನುವ ಧೈರ್ಯ. ಸುದ್ದಿ ಹಬ್ಬಿತು. 2023ರ ನವರಾತ್ರಿ ಹೊತ್ತಿಗೆ ಹದಿನಾಲ್ಕು ಮನೆಯವರು ಬೀಜ ಕೇಳಿದ್ದರು, ಮಾಮಿ ಎಲ್ಲರಿಗೂ ಹೂಂ ಅಂದಿದ್ದರು. ಡಿಸೆಂಬರಿನಲ್ಲಿ ಕಾಲನಿರ್ಣಯ ಕ್ಯಾಲೆಂಡರಿನ ಹಳೇ ಹಾಳೆಯಲ್ಲಿ ಮಡಚಿ, ದಾರ ಕಟ್ಟಿದ ಹದಿನಾಲ್ಕು ಪೊಟ್ಟಣ ಬಂದವು. ಎಲ್ಲರೂ ಮಾಮಿಗೆ ಫೋನ್ ಮಾಡಿ ಉಪಕಾರ ಹೇಳಿದರು.

ಗುಟ್ಟು ಒಡೆದದ್ದು 2024ರ ಫೆಬ್ರವರಿಯಲ್ಲಿ, ಠಾಣೆಯ ಅಕ್ಕನ ಮನೆಯ ಅರಿಶಿನ ಕುಂಕುಮದಲ್ಲಿ. ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಇಲ್ಲಿ ಅದರದ್ದೇ ಓಡಾಟ. ಮಾಮಿಗೆ ಮಂಡಿನೋವು, ಬಂದಿರಲಿಲ್ಲ. ಊಟಕ್ಕೆ ಗುಳ್ಳದ ಬೋಳು ಹುಳಿ. ಯಾರೋ ಕೇಳಿದರು, "ನಿಮ್ಮ ಗ್ರಿಲ್ಲಿದ್ದಾ?"

ಅಕ್ಕ ಸೌಟು ಹಿಡಿದುಕೊಂಡು ಒಂದು ಕ್ಷಣ ಸುಮ್ಮನಾದರು. "ಇಲ್ಲ ಮಾರಾಯ್ತಿ, ಮಾಟುಂಗ ಮಾರ್ಕೆಟ್ಟಿದ್ದು. ನಂದು ಒಂದೂ ಬರ್ಲಿಲ್ಲ. ಮಾಮಿ ಹತ್ರ ಹೇಳ್ಬೇಡಿ."

ಆಮೇಲೆ ಒಬ್ಬೊಬ್ಬರದೇ ಬಾಯಿ ಬಿಟ್ಟಿತು. ನಂದೂ ಬರ್ಲಿಲ್ಲ. ನಂದೂ. ಎರಡು ಸಲ ಹಾಕಿದೆ, ಎರಡು ಸಲವೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೈಗುಣವನ್ನೇ ಬೈದುಕೊಂಡು ಕೂತಿದ್ದರು. ಒಬ್ಬರಂತೂ ಇನ್ನು ಮುಂದೆ ಬೀಜ ಮುಟ್ಟುವುದೇ ಇಲ್ಲ ಅಂತ ತೀರ್ಮಾನ ಮಾಡಿದ್ದರು. ಕಾಂದಿವಲಿಯ ಅಕ್ಕ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ: ಮಾಮಿ ಫೋನಿನಲ್ಲಿ ಕೇಳಿದಾಗ "ಚೆನ್ನಾಗಿ ಬಂದಿದೆ ಮಾಮಿ, ನಾಲ್ಕು ಎಲೆ ಆಗಿದೆ" ಅಂದುಬಿಟ್ಟಿದ್ದರು. ಧಾರವಾಡದ ಅಕ್ಕ ನಕ್ಕರು. ಅವರ ಕಡೆ ಬದನೆಗೆ ಮುಳಗಾಯಿ ಅನ್ನುತ್ತಾರೆ. "ಗುಳ್ಳ ಬರಲಿಲ್ಲಂದ್ರ ನಮ್ಮ ಮುಳಗಾಯಿ ಹಚ್ಚ್ರಿ, ಅದಕ್ಕ ಯಾರ ಕೈಗುಣಾನೂ ಬೇಕಾಗಿಲ್ಲ."

ಹದಿನಾಲ್ಕರಲ್ಲಿ ಹನ್ನೆರಡು ಅಂದರೆ ಕೈಗುಣದ ಮಾತಲ್ಲ. ಹನ್ನೆರಡು ಜನರ ಕೈ ಒಟ್ಟಿಗೆ ಕೆಡುವುದಿಲ್ಲ. ಅಲ್ಲೇ ಕೂತು ಕಾರಣ ಹುಡುಕಲು ಶುರು ಮಾಡಿದೆವು.

ಮೊದಲ ಅನುಮಾನ ಚಳಿಯ ಮೇಲೆ. ಬದನೆ ಜಾತಿಗೆ ಮೊಳೆಯಲು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು, ಡಿಸೆಂಬರಿನ ರಾತ್ರಿ ಡೊಂಬಿವಲಿಯಲ್ಲೂ ತಣ್ಣಗಿರುತ್ತದೆ. ಆದರೆ ಹಿಂದಿನ ಸಲ ಹಾಕಿದ್ದೂ ಡಿಸೆಂಬರಿನಲ್ಲೇ, ಆಗ ಬಂದಿತ್ತಲ್ಲ. ಹಾಗಾಗಿ ಅದನ್ನು ಬಿಟ್ಟೆವು.

ಎರಡನೇದು ಮಳೆಗಾಲದ ತೇವ. ಇದು ಬಹಳ ಜನಕ್ಕೆ ಸರಿ ಅನ್ನಿಸಿತು, ನನಗೂ. ಬೀಜ ಇಡುವವರ ಲೆಕ್ಕ ಒಂದಿದೆ: ಬೀಜದೊಳಗಿನ ತೇವ ಶೇಕಡಾ 1 ಇಳಿದರೆ ಅದರ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ, ಇಟ್ಟ ಜಾಗ 5 ಡಿಗ್ರಿ ತಣ್ಣಗಾದರೂ ಹಾಗೇ. ಮುಂಬಯಿಯ ಜುಲೈಯಲ್ಲಿ ಇದು ಎರಡೂ ಉಲ್ಟಾ. ಉಪ್ಪಿನ ಡಬ್ಬಿಯೇ ನೀರು ಬಿಡುವ ಊರಿನಲ್ಲಿ ಕಾಗದದ ಪೊಟ್ಟಣದ ಬೀಜ ಎಷ್ಟು ದಿನ ಬಾಳೀತು? ಠಾಣೆಯ ಅಕ್ಕನ ಪಕ್ಕದ ಮನೆಯ ಮರಾಠಿ ತಾಯಿಯೂ ಅಲ್ಲೇ ಇದ್ದರು. ಬೂದಿಯಲ್ಲಿ ಕಲಸಿ ಇಡಬೇಕಿತ್ತು, ನಮ್ಮ ರಾಹೀಬಾಯಿ ಹಾಗೇ ಇಡುವುದು ಅಂದರು. ರಾಹೀಬಾಯಿ ಪೋಪೆರೆ ಅಂದರೆ ಅಕೋಲೆ ತಾಲೂಕಿನ ಕೊಂಭಾಳಣೆಯ ರೈತ ಮಹಿಳೆ, ಊರ ತಳಿಗಳನ್ನು ಉಳಿಸಿದ್ದಕ್ಕೆ 2020ರಲ್ಲಿ ಪದ್ಮಶ್ರೀ ಬಂತು, ಮಹಾರಾಷ್ಟ್ರದಲ್ಲಿ ಬೀಜದ ತಾಯಿ ಅಂತಲೇ ಹೆಸರು. ಬೂದಿಯ ಮಾತು ಸರಿಯೇ, ನಮ್ಮ ಅಜ್ಜಿಯರೂ ಮಾಡುತ್ತಿದ್ದರು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ತರೋಣ ಹೇಳಿ.

ಮುಲುಂಡಿನ ಮಾಸ್ಟ್ರು ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿದರು. ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. "ಊಹೆ ಸಾಕು, ಉಳಿದ ಬೀಜ ಇದ್ದವರು ನನಗೆ ಕೊಡಿ" ಅಂದರು.

ನಾಲ್ಕು ಮನೆಯಲ್ಲಿ ಉಳಿದ ಬೀಜ ಇತ್ತು. ಜೊತೆಗೆ ನನ್ನ ಅಡುಗೆಮನೆಯ ಮೇಲಿನ ಗೂಡಿನಲ್ಲಿ 2022ರ ಪೊಟ್ಟಣವೂ ಒಂದು ಸಿಕ್ಕಿತು, ಅರ್ಧ ಹಾಕಿ ಅರ್ಧ ಮರೆತದ್ದು. ಮಾಸ್ಟ್ರು ಒಂದೊಂದರಿಂದ ಎಣಿಸಿ ಇಪ್ಪತ್ತು ಬೀಜ ತೆಗೆದರು. ಒದ್ದೆ ಮಾಡಿ ಹಿಂಡಿದ ಹಳೇ ಪಂಚೆಯ ತುಂಡಿನಲ್ಲಿ ಹರಡಿ, ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ವೈಫೈ ಪೆಟ್ಟಿಗೆ ಮೇಲೆ ಇಟ್ಟರು. ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆ ಬೆಚ್ಚಗಿರುವ ಜಾಗ ಅದೊಂದೇ ಅಂತೆ. ದಿನಾ ತೆಗೆದು ನೋಡಿ ಹದಿನಾಲ್ಕು ದಿನ ಬರೆದಿಟ್ಟರು.

ಹೊಸ ಬೀಜ ನಾಲ್ಕು ಮನೆಯದು ಸೇರಿ ಎಂಬತ್ತರಲ್ಲಿ ಮೊಳೆತದ್ದು ಮೂರು. ನನ್ನ ಹಳೇ ಪೊಟ್ಟಣದ ಇಪ್ಪತ್ತರಲ್ಲಿ ಹದಿಮೂರು!

ಹಳೆಯದು ಬಂತು, ಹೊಸದು ಬರಲಿಲ್ಲ. ಅದೂ ನನ್ನದು ಒಂದು ಮಳೆಗಾಲ ಪೂರ್ತಿ ಅದೇ ಒದ್ದೆ ಅಡುಗೆಮನೆಯಲ್ಲಿ ಕಳೆದ ಬೀಜ. ಚಳಿ, ತೇವ, ಕೈಗುಣ ಎಲ್ಲ ಅಲ್ಲಿಗೆ ಬಿದ್ದುಹೋಯಿತು. ಮಾಸ್ಟ್ರು ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಹಾಕಿ ತೋರಿಸಿದರು. ಹಳೆಯವು ಹುಲ್ಲಿನ ಬಣ್ಣ, ನಡುವೆ ಉಬ್ಬಿ ಗಟ್ಟಿ. ಹೊಸವು ಬಿಳಿಚಿಕೊಂಡು ಚಪ್ಪಟೆ, ಉಗುರಿನಲ್ಲಿ ಒತ್ತಿದರೆ ಬಾಗುತ್ತಿದ್ದವು. ಲೋಟದ ನೀರಿಗೆ ಹಾಕಿದರೆ ಹೆಚ್ಚಿನವು ಮೇಲೇ ತೇಲಿದವು. "ಇದು ಕೆಟ್ಟ ಬೀಜ ಅಲ್ಲ, ಇನ್ನೂ ಬೀಜವೇ ಆಗದ ಬೀಜ" ಅಂದರು.

ಇನ್ನು ಮಾಮಿಯನ್ನು ಕೇಳಬೇಕು. ಯಾರು ಕೇಳುವುದು? ಎಲ್ಲರೂ ನನ್ನ ಮುಖ ನೋಡಿದರು, ನಾನು ಅದೇ ಊರಲ್ಲಿ ಇರುವವಳು ಅಂತ.

ಭಾನುವಾರ ಹೋದೆ. ಚಹಾ ಬಂತು, ಚಕ್ಕುಲಿ ಬಂತು. ಅವರ ಗ್ರಿಲ್ಲಿನಲ್ಲಿ ಗುಳ್ಳದ ಗಿಡವೇ ಇರಲಿಲ್ಲ. ಎರಡು ಖಾಲಿ ಕುಂಡ ಬೋರಲು ಹಾಕಿದ್ದರು. ನಾನು ಏನೂ ಕೇಳಲಿಲ್ಲ, ಆ ಕುಂಡದ ಕಡೆ ನೋಡಿದೆ ಅಷ್ಟೇ. ಮಾಮಿಗೆ ಅಷ್ಟೇ ಸಾಕಾಯಿತು.

"ಜುಲೈಯಲ್ಲೇ ಹೋಯ್ತು. ಎಲೆ ಹಸುರು ಇದ್ದಾಗ್ಲೇ ಬಾಡಿತು, ನೀರು ಹಾಕಿದ್ರೂ ಏಳ್ಲಿಲ್ಲ. ಒಂದು ವಾರದಲ್ಲಿ ಎರಡೂ ಗಿಡ."

"ಮತ್ತೆ ಬೀಜ, ಮಾಮಿ?"

"ಮಳೆ ಮುಗಿದ ಮೇಲೆ ಎರಡು ಕಾಯಿ ಹಣ್ಣಿಗೆ ಬಿಡುವಾ ಅಂತ ಇದ್ದೆ. ಅಷ್ಟರಲ್ಲಿ ಹೀಗಾಯ್ತು. ಹದಿನಾಲ್ಕು ಜನಕ್ಕೆ ಕೊಡ್ತೇನೆ ಅಂದಾಗಿತ್ತು. ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ." ಸೆರಗಿನ ತುದಿ ಸುತ್ತುತ್ತಾ ಹೇಳಿದರು, "ಮಾಟುಂಗಕ್ಕೆ ಹೋಗಿ ಒಂದೂವರೆ ಕೆಜಿ ಗುಳ್ಳ ತಂದೆ. ಅದ್ರಲ್ಲಿ ದೊಡ್ಡದು ನೋಡಿ ಒಂದು ವಾರ ಕಿಟಕಿಯಲ್ಲಿ ಇಟ್ಟು ಬೀಜ ತೆಗ್ದೆ. ಎಲ್ಲ ಚಂದ ಬಂದಿದೆ ಅಂತ ನೀವೇ ಹೇಳಿದ್ರಲ್ಲ. ಕಾಂದಿವಲಿಯವಳದ್ದು ನಾಲ್ಕು ಎಲೆ ಆಗಿದೆ ಅಂದ್ಲು."

ನನಗೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಕೊಡುವವರಿಗೆ ಇಲ್ಲ ಅನ್ನಲು ದಾಕ್ಷಿಣ್ಯ, ತೆಗೆದುಕೊಂಡವರಿಗೆ ಬರಲಿಲ್ಲ ಅನ್ನಲು ದಾಕ್ಷಿಣ್ಯ. ಈ ಎರಡರ ನಡುವೆ ಆ ಮಾರ್ಕೆಟ್ ಗುಳ್ಳದ ಬೀಜ ಎರಡು ತಿಂಗಳು ಮರ್ಯಾದೆಯಾಗಿ ಮಣ್ಣಿನಲ್ಲಿ ಕೂತಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಈ ತಪ್ಪು ಮಾಮಿ ಒಬ್ಬರದಲ್ಲ, ಬೀಜ ಇಡಲು ಹೊಸದಾಗಿ ಶುರು ಮಾಡುವ ಬಹಳ ಜನ ಇದನ್ನೇ ಮಾಡುತ್ತಾರೆ. ಟೊಮೇಟೊ, ಕೆಂಪು ಮೆಣಸು, ಕುಂಬಳ ಇವೆಲ್ಲ ತಿನ್ನುವ ಹದಕ್ಕೆ ಬಂದಾಗ ಬೀಜವೂ ಬಲಿತಿರುತ್ತದೆ. ಗುಳ್ಳ, ಬೆಂಡೆ, ಹೀರೆ, ಅಲಸಂಡೆ ಹಾಗಲ್ಲ. ಅವನ್ನು ನಾವು ತಿನ್ನುವುದು ಎಳೆಯದರಲ್ಲೇ. ಅಂಗಡಿಗೆ ಬರುವ ಗುಳ್ಳ ಎಷ್ಟೇ ದೊಡ್ಡದಿರಲಿ, ಅದರೊಳಗಿನ ಬೀಜ ಇನ್ನೂ ಹಾಲುಗಲ್ಲದ ಮಗು. ಅದು ಗಿಡದಲ್ಲೇ ಇನ್ನೂ ಮೂರ್ನಾಲ್ಕು ವಾರ ಇದ್ದು, ಹಸಿರೆಲ್ಲ ಹೋಗಿ ಹಳದಿಯಾಗಿ, ಸಿಪ್ಪೆ ಮಂಕಾಗಬೇಕು. ಆಮೇಲೆ ಕೊಯ್ದು ಒಂದು ವಾರ ಇಟ್ಟರೆ ಇನ್ನೂ ಒಳ್ಳೆಯದು. ಮಾಮಿಗೆ ಇದು ಗೊತ್ತಿಲ್ಲದೆ ಏನಲ್ಲ, ಮೊದಲ ಸಲ ಹಾಗೇ ಮಾಡಿದ್ದರು. ಮಾರ್ಕೆಟ್ಟಿನದನ್ನೂ ಕಿಟಕಿಯಲ್ಲಿ ಇಟ್ಟರೆ ಬಲಿಯುತ್ತದೆ ಅಂತ ಆಸೆಪಟ್ಟರು. ಗಿಡದಿಂದ ಕೊಯ್ದ ಮೇಲೆ ಅಷ್ಟು ಎಳೆಯದು ಒಣಗುತ್ತದೆಯೇ ಹೊರತು ಬಲಿಯುವುದಿಲ್ಲ. ಎಂಬತ್ತರಲ್ಲಿ ಮೂರು ಬಂದದ್ದು ಯಾವುದೋ ಒಂದು ಕಾಯಿ ಸ್ವಲ್ಪ ಜಾಸ್ತಿ ಬಲಿತಿದ್ದಕ್ಕೆ ಇರಬೇಕು.

ಗಿಡ ಬಾಡಿದ್ದು ಯಾಕೆ ಅನ್ನುವುದು ಮಳೆಗಾಲದಲ್ಲಿ ತಿಳಿಯಿತು. ನೇರುಳಿನ ಮನೆಯಲ್ಲಿ ಹೇಗೋ ಬದುಕಿದ್ದ ಗಿಡವೂ ಹಾಗೇ ಹಸಿರಿರುವಾಗಲೇ ಬಾಡಿತು. ಮಾಸ್ಟ್ರು ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಲು ಹೇಳಿದರು. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನಂಥ ಬಿಳಿ ಎಳೆ ಸಣ್ಣಗೆ ಕೆಳಗಿಳಿಯಿತು. ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗಕ್ಕೆ ಇದೇ ಗುರುತು. ಮಾಮಿಯ ಗಿಡಕ್ಕೂ ಇದೇ ಆಗಿರಬೇಕು. ಇದು ಮಣ್ಣಿನಲ್ಲಿ ಉಳಿಯುತ್ತದೆ, ಔಷಧಿ ಹೊಡೆದು ಪ್ರಯೋಜನ ಇಲ್ಲ. ಆ ಕುಂಡದ ಮಣ್ಣಿನಲ್ಲಿ ಮತ್ತೆ ಬದನೆ, ಟೊಮೇಟೊ, ಮೆಣಸು ಯಾವುದೂ ಬೇಡ, ಅಲಸಂಡೆಯೋ ಹರಿವೆಯೋ ಹಾಕಿಕೊಳ್ಳಿ. ಸುಂಡೆ (ಬದನೆ ಜಾತಿಯದೇ ಕಾಡು ಗಿಡ) ಗಿಡದ ಬೇರಿಗೆ ಗುಳ್ಳ ಕಸಿ ಕಟ್ಟಿದರೆ ಈ ರೋಗ ತಡೆಯುತ್ತದೆ. ಮಾಸ್ಟ್ರು ಐದು ಕಟ್ಟಿ ನೋಡಿದರು, ಎರಡು ಹಿಡಿಯಿತು.

ಸರಿಯಾದ ಬೀಜ ಬಂದದ್ದು 2024ರ ಮೇಯಲ್ಲಿ. ಮಾಮಿಯ ತಮ್ಮನಿಗೆ ಹೇಳಿ ಒಂದು ಕಾಯಿ ಗಿಡದಲ್ಲೇ ಹಣ್ಣಾಗಲು ಉಳಿಸಿಕೊಂಡಿದ್ದೆವು. ಮತ್ಸ್ಯಗಂಧ ರೈಲಿನಲ್ಲಿ ಬಂದ ಪರಿಚಯದವರೊಬ್ಬರು ಬೆಳಗಿನ ಜಾವ ಠಾಣೆ ಸ್ಟೇಷನ್ನಿನಲ್ಲಿ ಹಲಸಿನ ಹಪ್ಪಳದ ಕಟ್ಟಿನ ಜೊತೆ ಕೊಟ್ಟರು. ಬಾಳೆ ಎಲೆಯಲ್ಲಿ ಸುತ್ತಿದ ಅರಿಶಿನ ಬಣ್ಣದ ಗುಳ್ಳ, ಒಂದೇ ಒಂದು. ಮಾಮಿ ಮನೆಯಲ್ಲೇ ಬೀಜ ತೆಗೆದೆವು. ತಿರುಳನ್ನು ನೀರಿನಲ್ಲಿ ಕಿವುಚಿದರೆ ಗಟ್ಟಿ ಬೀಜ ತಳಕ್ಕೆ ಹೋಗುತ್ತದೆ, ಜೊಳ್ಳು ಮೇಲೆ. ತಳದ್ದನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ನೆರಳಲ್ಲಿ ಫ್ಯಾನಿನ ಕೆಳಗೆ ಒಣಗಿಸಿದೆವು (ಪೇಪರ್ ಮೇಲೆ ಹಾಕಬೇಡಿ, ಅಂಟಿಕೊಂಡು ಕೂರುತ್ತದೆ). ಬೂದಿ ಇಲ್ಲದ್ದಕ್ಕೆ ಮಾಮಿ ಅಕ್ಕಿಯನ್ನು ಬಿಸಿಯಾಗಿ ಹುರಿದು, ಆರಿಸಿ, ಬಟ್ಟೆಯಲ್ಲಿ ಕಟ್ಟಿ ಹಾರ್ಲಿಕ್ಸ್ ಬಾಟಲಿಯ ತಳಕ್ಕೆ ಹಾಕಿದರು, ಅದರ ಮೇಲೆ ಬೀಜದ ಪೊಟ್ಟಣ, ಬಿಗಿಯಾಗಿ ಮುಚ್ಚಳ. ತೇವವನ್ನು ಅಕ್ಕಿ ಎಳೆದುಕೊಳ್ಳುತ್ತದೆ.

ಅಕ್ಟೋಬರಿನಲ್ಲಿ ಹನ್ನೊಂದು ಮನೆಯವರು ಹಾಕಿದರು, ಒಂಬತ್ತು ಮನೆಯಲ್ಲಿ ಗಿಡ ಬಂತು. ಫೆಬ್ರವರಿಯಲ್ಲಿ ಕಾಯಿ. ನಿಜ ಹೇಳಬೇಕು ಅಂದರೆ ಅದು ಊರಿನ ಗುಳ್ಳ ಅಲ್ಲ. ಮಟ್ಟುವಿನ ಮಣ್ಣು ಬೇರೆ, ಇಲ್ಲಿ ಕುಂಡದ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ. ಕಾಯಿ ಸಣ್ಣದು, ಸಿಪ್ಪೆಯೂ ಸ್ವಲ್ಪ ದಪ್ಪ. ನಾವು ಡೊಂಬಿವಲಿ ಗುಳ್ಳ ಅಂತ ಕರೆಯುತ್ತೇವೆ. ಜಿಐ ಇರುವ ಬೀಜ ಹಂಚಿದರೆ ತೊಂದರೆಯಾ ಅಂತ ಒಬ್ಬರು ಹೆದರಿದ್ದರು. ಜಿಐ ರಕ್ಷಣೆ ಹೆಸರಿಗೆ. ಇಲ್ಲಿ ಬೆಳೆದದ್ದನ್ನು ಮಟ್ಟುಗುಳ್ಳ ಅಂತ ಮಾರಿದರೆ ತಪ್ಪು. ನಾವು ಮಾರುವುದೂ ಇಲ್ಲ, ಮಾರುವಷ್ಟು ಬರುವುದೂ ಇಲ್ಲ.

ಬಗೆಹರಿಯದ್ದೂ ಒಂದಿದೆ. ಬದನೆಯ ಹೂವಿಗೆ ತನ್ನದೇ ಪರಾಗ ಸಾಕು, ಆದರೂ ಜೇನು, ದುಂಬಿ ಓಡಾಡಿದರೆ ಪಕ್ಕದ ಬದನೆಯ ಪರಾಗವೂ ಸೇರುತ್ತದೆ. ಧಾರವಾಡದ ಅಕ್ಕನ ಗ್ರಿಲ್ಲಿನಲ್ಲಿ ಗುಳ್ಳವೂ ಮುಳಗಾಯಿಯೂ ಒಂದೇ ಸಾಲಿನಲ್ಲಿವೆ. ಅವರ ಮನೆಯ ಬೀಜ ಕಲಬೆರಕೆ ಆಗುತ್ತದೆ, ಮುಳಗಾಯಿ ತೆಗೆಯಿರಿ ಅಂತ ಯಾರೋ ಹೇಳಿದರು. ದೊಡ್ಡ ಜಗಳವೇ ಆಯಿತು. "ನಿಮ್ಮ ಗುಳ್ಳದ ಸಲುವಾಗಿ ನಮ್ಮವ್ವನ ಬೀಜ ಕಿತ್ತು ಒಗೀಬೇಕೇನು?" ಅಂದರು. ನನ್ನ ಮಟ್ಟಿಗೆ ಅವರು ಹೇಳಿದ್ದೇ ಸರಿ. ಕೊನೆಗೆ ಅರಿಶಿನ ಕುಂಕುಮದಲ್ಲಿ ಬಾದಾಮಿ ಹಾಕಿ ಕೊಡುತ್ತಾರಲ್ಲ, ಆ ಜಾಳಿಗೆ ಬಟ್ಟೆಯ ಪೊಟ್ಲಿ, ಅದು ಉಪಯೋಗಕ್ಕೆ ಬಂತು. ಅರಳುವ ಮುಂಚೆ ಮೊಗ್ಗಿಗೆ ಪೊಟ್ಲಿ ತೊಡಿಸಿ ದಾರ ಎಳೆಯುವುದು, ಅರಳಿದ ಮೇಲೆ ದಿನಕ್ಕೆರಡು ಸಲ ತೊಟ್ಟು ಮೆಲ್ಲಗೆ ತಟ್ಟುವುದು, ಕಾಯಿ ಕಚ್ಚಿದ ಮೇಲೆ ಪೊಟ್ಲಿ ತೆಗೆದು ಗುರುತಿಗೆ ಕೆಂಪು ದಾರ. ಅಕ್ಕ ಅದನ್ನೂ ಒಲ್ಲೆ ಅಂದರು, ಮಾತು ಅಲ್ಲಿಗೇ ನಿಂತಿದೆ. ಅವರ ಮನೆಯ ಗುಳ್ಳ ತಿನ್ನಲಿಕ್ಕೆ ಮಾತ್ರ.

ಪೊಟ್ಟಣದ ಮೇಲೆ ಈಗ ಯಾರ ಮನೆ, ಯಾವ ತಿಂಗಳು, ಗಿಡದಲ್ಲೇ ಹಣ್ಣಾದದ್ದೋ, ಇಪ್ಪತ್ತಕ್ಕೆ ಎಷ್ಟು ಮೊಳೆಯಿತು ಅಂತ ಬರೆಯುತ್ತೇವೆ. ಬರಲಿಲ್ಲ ಅಂದರೆ ಇಪ್ಪತ್ತೊಂದು ದಿನದೊಳಗೆ ಹೇಳಬೇಕು ಅಂತಲೂ ಇದೆ. ಬರೆಯುವುದು ಸುಲಭ, ಹೇಳುವುದು ಈಗಲೂ ಕಷ್ಟ. ಅದಕ್ಕೆ ಮಾಮಿಯೇ ಎಲ್ಲರಿಗೂ ಫೋನ್ ಮಾಡುತ್ತಾರೆ. "ಬಂತಾ ಇಲ್ವಾ? ಸುಳ್ಳು ಹೇಳ್ಬೇಡ."

2025ರ ನವೆಂಬರಿನಲ್ಲಿ ನಾನು ಮಾಮಿ ಮನೆಯಲ್ಲಿದ್ದಾಗ ಕಾಂದಿವಲಿಯ ಅಕ್ಕನ ಫೋನ್ ಬಂತು, ಅವರಾಗಿಯೇ ಮಾಡಿದ್ದು.

"ಮಾಮಿ, ಹದಿನೆಂಟು ದಿನ ಆಯ್ತು. ಒಂದೂ ಬರ್ಲಿಲ್ಲ."

"ಎಷ್ಟು ಆಳಕ್ಕೆ ಹಾಕಿದ್ದಿ?"

"ಒಂದು ಬೆರಳು."

"ಅಯ್ಯೋ ಮಾರಾಯ್ತಿ, ಹಲಸಿನ ಬೀಜ ಅಂದ್ಕೊಂಡಿದ್ಯಾ? ಮೇಲೆ ಉದುರಿಸಿ ಒಂದು ಚಿಟಿಕೆ ಮಣ್ಣು ಮುಚ್ಚುದು ಅಷ್ಟೇ."

ಫೋನ್ ಇಟ್ಟು ಬಾಟಲಿ ತೆಗೆದು ಇಪ್ಪತ್ತು ಬೀಜ ಎಣಿಸಿದರು. ಬುಧವಾರ ಸಂಜೆ ಆರೂವರೆಗೆ ನಾನು ಮತ್ತೆ ದಾದರಿನ ಸೇತುವೆ ಮೇಲೆ.